ಮಾಮ, ಈ ಬಾಗಿಲು ಯಾಕೆ ತೆಗೆಯಲ್ಲ?

ಹೋದ ದೀಪಾವಳಿಗೆ ಕೈಗೆ ಒಂದಿಷ್ಟು ಬೋನಸ್ ಬಂತು. ಮನೆಯಲ್ಲಿ "ಕಂಪ್ಯೂಟರ್ ರಿಪೇರಿಗೆ ಬಂದಿದೆ" ಅಂತ ಅರ್ಧ ಸತ್ಯ ಹೇಳಿ ಎಸ್.ಪಿ. ರೋಡಿಗೆ ಹೋದೆ. ಆ ರಸ್ತೆ ನಿಮಗೂ ಗೊತ್ತಲ್ಲ. ಒಂದು ಮೌಸ್ ತರಲು ಹೋದವನಿಗೆ ಮೂರು ಅಂಗಡಿ ದಾಟುವಷ್ಟರಲ್ಲಿ ಹೊಸ ಮಾನಿಟರ್ ಇಲ್ಲದೆ ಬದುಕೇ ಇಲ್ಲ ಅನ್ನಿಸಿರುತ್ತದೆ. ನಾನು ಆಟದ ಚಿತ್ರ ಚೆನ್ನಾಗಿ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ತಂದೆ. 42 ಸಾವಿರ. ಡಬ್ಬ ಎಷ್ಟು ದೊಡ್ಡದಿತ್ತು ಅಂದರೆ ಮೆಟ್ರೋದಲ್ಲಿ ಪಕ್ಕ ಕೂತಿದ್ದ ಹೆಂಗಸು "ಮಿಕ್ಸಿನಾ?" ಅಂತ ಕೇಳಿದರು. ಹೂಂ ಅಂದೆ. ಮನೆಯಲ್ಲೂ ಅದನ್ನೇ ಹೇಳಿದ್ದರೆ ಚೆನ್ನಾಗಿತ್ತು ಅಂತ ಆಮೇಲೆ ಹೊಳೆಯಿತು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಆಟ ಹಾಕಿದೆ. ಆಟ ಅಂತ ಹೆಸರಿಗೆ ಅಷ್ಟೇ. ಮೊದಲ ಮುಕ್ಕಾಲು ಗಂಟೆ ಸೆಟ್ಟಿಂಗ್ಸ್‌ನಲ್ಲೇ ಹೋಯಿತು. ನೆರಳು ಅಲ್ಟ್ರಾ, ಹುಲ್ಲು ಅಲ್ಟ್ರಾ, ನೀರಿನ ಪ್ರತಿಬಿಂಬ ಅಲ್ಟ್ರಾ. ಆಮೇಲೆ ಆಟದೊಳಗಿನ ಊರಿನಲ್ಲಿ ಮಳೆ ಶುರುವಾಯಿತು. ರಸ್ತೆಯಲ್ಲಿ ಒಂದು ಗುಂಡಿ, ಗುಂಡಿ ತುಂಬ ನೀರು, ನೀರಿನಲ್ಲಿ ಎದುರಿನ ಅಂಗಡಿಯ ಕೆಂಪು ಬೋರ್ಡು ನಡುಗುತ್ತಿತ್ತು. ಕುಕ್ಕರುಗಾಲಲ್ಲಿ ಕೂತು ಹತ್ತು ನಿಮಿಷ ಆ ಗುಂಡಿಯನ್ನೇ ನೋಡಿದೆ. ಅವತ್ತು ಸಂಜೆ ವಿಜಯನಗರದ ನಮ್ಮ ಕ್ರಾಸಿನಲ್ಲೂ ಅಂಥದ್ದೇ ಗುಂಡಿ, ಅಂಥದ್ದೇ ನೀರು ಇತ್ತು. ಅದನ್ನು ಕಾರ್ಪೊರೇಶನ್‌ಗೆ ಬೈಕೊಂಡು ದಾಟಿ ಬಂದಿದ್ದೆ.

ಶನಿವಾರ ಅಕ್ಕನ ಮಗಳು ಬಂದಳು. ಒಂಬತ್ತು ವರ್ಷ. ಜಂಬ ಕೊಚ್ಚಿಕೊಳ್ಳಲು ಇದಕ್ಕಿಂತ ಒಳ್ಳೆ ಪ್ರೇಕ್ಷಕರು ಸಿಗಲ್ಲ ಅಂದುಕೊಂಡು ಕುರ್ಚಿ ಬಿಟ್ಟುಕೊಟ್ಟೆ. ಗುಂಡಿ ತೋರಿಸಿದೆ. "ಚೆನ್ನಾಗಿದೆ" ಅಂದಳು, ನೆಂಟರ ಮನೆಯ ಸೋಫಾ ಬಗ್ಗೆ ಹೇಳುವ ಹಾಗೆ. ಆಮೇಲೆ ನೇರವಾಗಿ ಹೋಗಿ ಬೀದಿಯ ಮೊದಲ ಮನೆಯ ಬಾಗಿಲು ತಳ್ಳಿದಳು. ತೆಗೆಯಲಿಲ್ಲ. ಪಕ್ಕದ ಮನೆ. ಅದೂ ತೆಗೆಯಲಿಲ್ಲ. ಆ ಬೀದಿಯ ಉದ್ದಕ್ಕೂ ಹೋಗಿ, ಎದುರು ಸಾಲಿನಲ್ಲಿ ವಾಪಸ್ ಬಂದಳು, ಒಂದು ಬಾಗಿಲನ್ನೂ ಬಿಡದೆ. ಪೋಸ್ಟ್‌ಮ್ಯಾನ್ ತರ.

"ಮಾಮ, ಈ ಬಾಗಿಲು ಯಾಕೆ ತೆಗೆಯಲ್ಲ?"

"ಅದು ಸುಮ್ನೆ ಇರೋದು ಪುಟ್ಟಿ."

"ತೆಗೆಯಲ್ಲ ಅಂದ್ರೆ ಬಾಗಿಲು ಯಾಕೆ ಇಟ್ರು? ಗೋಡೆ ಇಡಬಹುದಿತ್ತಲ್ಲ."

ಉತ್ತರ ಹೊಳೆಯಲಿಲ್ಲ. ಅವಳು ಕಾಯಲೂ ಇಲ್ಲ. ನನ್ನ ಹಳೆ ಲ್ಯಾಪ್‌ಟಾಪ್ ಎಳೆದುಕೊಂಡು ಮೂಲೆಯಲ್ಲಿ ಕೂತು ಮೈನ್‌ಕ್ರಾಫ್ಟ್ ಹಾಕಿದಳು. ಇಟ್ಟಿಗೆ ಇಟ್ಟಿಗೆ ಕಾಣುವ ಆಟ. ಹಸು ಕೂಡ ಚೌಕ, ಸೂರ್ಯನೂ ಚೌಕ. 42 ಸಾವಿರದ ಕಾರ್ಡು ಮಳೆ ಸುರಿಸುತ್ತಾ ಒಂದೇ ಕೂತಿತ್ತು.

ಗ್ರಾಫಿಕ್ಸ್ ಮುಖ್ಯಾನಾ, ಆಟದ ಸತ್ವ ಮುಖ್ಯಾನಾ ಅನ್ನುವ ಜಗಳ ಹಳೆಯದು. ಕಾಲೇಜಿನ ಕ್ಯಾಂಟೀನಿನಿಂದಲೂ ಕೇಳುತ್ತಾ ಬಂದಿದ್ದೇನೆ. "ಸತ್ವವೇ ಮುಖ್ಯ" ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಆಮೇಲೆ ದುಡ್ಡು ಬಂದ ದಿನ ಎಸ್.ಪಿ. ರೋಡಿಗೆ ಹೋಗುತ್ತಾರೆ. ಆದರೆ ಪುಟ್ಟಿಯ ಪ್ರಶ್ನೆ ಆ ಜಗಳದ್ದಲ್ಲ ಅಂತ ನನಗೆ ಅವತ್ತೇ ಅನ್ನಿಸಿತ್ತು. ಚಿತ್ರ ಚೆನ್ನಾಗಿಲ್ಲ ಅಂತ ಅವಳು ಹೇಳಲಿಲ್ಲ. ಚಿತ್ರ ಅಷ್ಟು ಚೆನ್ನಾಗಿದ್ದರಿಂದಲೇ ಅವಳು ಬಾಗಿಲು ತಳ್ಳಿದ್ದು.

ಬಣ್ಣವಿಲ್ಲದ ಮಾರಿಯೋ

ನಮ್ಮ ಮನೆಗೆ ಟೀವಿ ಗೇಮ್ ಬಂದಿದ್ದು ನಾನು ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ. ಆಗ ರಾಜಾಜಿನಗರದಲ್ಲಿದ್ದೆವು. ಅಪ್ಪ ಮೆಜೆಸ್ಟಿಕ್ ಕಡೆಯಿಂದ ತಂದಿದ್ದ ಡಬ್ಬದ ಮೇಲೆ ಜಪಾನಿ ತರದ ಅಕ್ಷರ, ಒಳಗೆ ಹಳದಿ ಕ್ಯಾಸೆಟ್ಟು, ಅದರ ಮೇಲೆ 9999 ಆಟ ಅಂತ ಬರೆದಿತ್ತು. ಎಣಿಸಿದರೆ ಏಳೋ ಎಂಟೋ ಆಟ. ಮಿಕ್ಕಿದ್ದೆಲ್ಲ ಅವೇ, ಹೆಸರು ಬೇರೆ. ಆಟ ಶುರುವಾಗದಿದ್ದರೆ ಕ್ಯಾಸೆಟ್ಟು ತೆಗೆದು ಉಫ್ ಅಂತ ಊದಿ ಹಾಕಬೇಕು. ಊದಿದರೆ ಏನಾಗುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ, ಆದರೆ ಊದದೆ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ.

ನಮ್ಮದು ಕಪ್ಪು ಬಿಳುಪು ಟೀವಿ. ಮರದ ಪೆಟ್ಟಿಗೆಯಲ್ಲಿ ಕೂತಿರುವ, ಮುಂದೆ ಎಳೆದು ಮುಚ್ಚುವ ಶಟರ್ ಇರುವ ಟೀವಿ. ಮಾರಿಯೋನ ಟೋಪಿ ಕೆಂಪು ಅಂತ ನನಗೆ ಒಂದು ವರ್ಷ ಗೊತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಕಷ್ಟ ಅಣಬೆಯದು. ಆ ಆಟದಲ್ಲಿ ಎರಡು ತರದ ಅಣಬೆ ಬರುತ್ತವೆ. ಒಂದು ತಿಂದರೆ ಮಾರಿಯೋ ದೊಡ್ಡವನಾಗುತ್ತಾನೆ, ಇನ್ನೊಂದು ತಿಂದರೆ ಒಂದು ಜೀವ ಜಾಸ್ತಿ. ಎರಡೂ ಒಂದೇ ಆಕಾರ, ಬಣ್ಣ ಮಾತ್ರ ಬೇರೆ. ನಮ್ಮ ಟೀವಿಯಲ್ಲಿ ಎರಡೂ ಬೂದಿ. ಹಾಗಾಗಿ ಅಣ್ಣ ಒಂದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಯಾವ ಇಟ್ಟಿಗೆಯಿಂದ ಯಾವ ಅಣಬೆ ಬರುತ್ತದೆ ಅಂತ ಬರೆದಿಟ್ಟಿದ್ದ. ಗುಂಡಿ ದಾಟುವ ಮೊದಲು, ಕಣ್ಣಿಗೆ ಕಾಣದ ಇಟ್ಟಿಗೆ, ಹಾರು. ಈಗಲೂ ನನ್ನ ಬೆರಳಿಗೆ ಅದು ನೆನಪಿದೆ.

ಕಪ್ಪು ಬಿಳುಪಿನಿಂದ ಒಂದು ಲಾಭವೂ ಆಯಿತು. ಒಂದು ದಿನ ಮಧ್ಯಾಹ್ನ ಅಣ್ಣ ಇದ್ದಕ್ಕಿದ್ದ ಹಾಗೆ "ಲೋ, ಮೋಡ ಕೆಳಗೆ ಬಿದ್ದಿದೆ ನೋಡೋ" ಅಂದ. ಮೇಲಿರುವ ಮೋಡ, ಕೆಳಗಿರುವ ಪೊದೆ, ಎರಡೂ ಒಂದೇ ಚಿತ್ರ. ಬಣ್ಣದ ಟೀವಿ ಇದ್ದವರಿಗೆ ಬಿಳಿ ಮೋಡ, ಹಸಿರು ಪೊದೆ. ನಮಗೆ ಎರಡು ಬೂದಿ ಗುಪ್ಪೆ. ಜಯನಗರದ ದೊಡ್ಡಪ್ಪನ ಮಕ್ಕಳಿಗೆ ಹೇಳಿದರೆ ನಂಬಲಿಲ್ಲ. ಅವರ ಮನೆಯಲ್ಲಿ ಆಕಾಶ ನೀಲಿಯಾಗಿತ್ತು, ಪಾಪ.

ಅದರ ಕಾರಣ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. 1985ರಲ್ಲಿ ಬಂದ ಆ ಆಟ ಪೂರ್ತಿಯಾಗಿ ಇದ್ದದ್ದು 40 ಕಿಲೋಬೈಟಿನಲ್ಲಿ. ಅದರಲ್ಲಿ ಚಿತ್ರಗಳ ಪಾಲು 8. ಬೆಳಿಗ್ಗೆ ಎದ್ದರೆ ಸಂಬಂಧಿಕರು ವಾಟ್ಸಾಪ್‌ನಲ್ಲಿ ಕಳಿಸುವ ಗುಲಾಬಿ ಹೂವಿನ ಶುಭೋದಯ ಅದಕ್ಕಿಂತ ಭಾರ. ಅಷ್ಟರಲ್ಲಿ ಸಂಸಾರ ಮಾಡಬೇಕಾದರೆ ಮೋಡಕ್ಕೆ ಹಸಿರು ಬಳಿದು ಪೊದೆ ಮಾಡಲೇಬೇಕು. ಮಾರಿಯೋನ ಮೀಸೆಯೂ ಹಾಗೇ ಬಂದಿದ್ದು. 1981ರ ಡಾಂಕಿ ಕಾಂಗ್‌ನಲ್ಲಿ ಶಿಗೆರು ಮಿಯಾಮೊಟೊ ಅವನನ್ನು ಮೊದಲು ಬಿಡಿಸಿದಾಗ ಸಿಕ್ಕಿದ್ದು ಕೆಲವೇ ಚುಕ್ಕಿ. ಅಷ್ಟರಲ್ಲಿ ಬಾಯಿ ಬಿಡಿಸಲು ಆಗಲ್ಲ, ಮೀಸೆ ಇಟ್ಟರು. ಕೂದಲು ಬಿಡಿಸಲು ಆಗಲ್ಲ, ಟೋಪಿ ಹಾಕಿದರು.

ಇಲ್ಲಿ ಪುಟ್ಟಿಯ ಬಾಗಿಲಿಗೆ ವಾಪಸ್ ಬರುತ್ತೇನೆ. ಮಾರಿಯೋದಲ್ಲಿ ಹಸಿರು ಪೈಪುಗಳಿವೆ ಅಲ್ವಾ? ಕೆಲವದರ ಮೇಲೆ ನಿಂತು ಕೆಳಗಿನ ಬಟನ್ ಒತ್ತಿದರೆ ಒಳಗೆ ಇಳಿಯಬಹುದು, ಅಲ್ಲಿ ಚಿನ್ನದ ನಾಣ್ಯ. ಎಲ್ಲ ಪೈಪಿನಲ್ಲೂ ಇಳಿಯಲು ಆಗಲ್ಲ. ನಾವೂ ಒಂದೊಂದರ ಮೇಲೂ ಹತ್ತಿ ಒತ್ತಿ ನೋಡಿದವರೇ. ಆದರೆ ಇಳಿಯಲು ಆಗದ ಪೈಪು ಮೋಸ ಅಂತ ಒಂದು ದಿನವೂ ಅನ್ನಿಸಲಿಲ್ಲ. ಯಾಕಂದರೆ ಅದೂ ಹಾರಿ ದಾಟಬೇಕಾದ ಗೋಡೆ. ಅದರೊಳಗಿಂದ ಕಚ್ಚುವ ಗಿಡ ಬರಬಹುದು. ಅದಕ್ಕೆ ಬಡಿದು ಆಮೆ ಚಿಪ್ಪು ವಾಪಸ್ ಬಂದು ನಮ್ಮನ್ನೇ ಸಾಯಿಸಬಹುದು. ಸುಮ್ಮನೆ ನಿಂತ ಪೈಪು ಒಂದೂ ಇರಲಿಲ್ಲ. ಮೋಡ, ಪೊದೆ, ಗುಡ್ಡದಂಥ ಹಿನ್ನೆಲೆ ಬಿಟ್ಟರೆ ತೆರೆಯ ಮೇಲಿದ್ದ ಎಲ್ಲಕ್ಕೂ ಕೆಲಸ ಇತ್ತು.

ಹಳೇದೆಲ್ಲ ಚಿನ್ನ ಅಲ್ಲ

ಇಷ್ಟು ಬರೆದು ನಿಲ್ಲಿಸಿದರೆ ನಾನೂ "ನಮ್ಮ ಕಾಲದಲ್ಲಿ" ಅನ್ನುವ ಮುದುಕರ ಪಟ್ಟಿಗೆ ಸೇರುತ್ತೇನೆ. ಆ ಹಳದಿ ಕ್ಯಾಸೆಟ್ಟಿನ ಎಂಟು ಆಟಗಳಲ್ಲಿ ಐದು ದರಿದ್ರ ಆಟ. ಚಿತ್ರವೂ ಇಲ್ಲ, ಸತ್ವವೂ ಇಲ್ಲ. ಚಿತ್ರ ಬಡವಾಗಿದ್ದರೆ ಒಳಗೆ ಏನೋ ಆಳ ಇರುತ್ತದೆ ಅನ್ನುವುದು, ಹೋಟೆಲ್ ಕೊಳಕಾಗಿದ್ದರೆ ದೋಸೆ ಚೆನ್ನಾಗಿರುತ್ತದೆ ಅಂತ ನಂಬಿದ ಹಾಗೆ. ಕೆಲವು ಸಲ ನಿಜ. ಹೊಟ್ಟೆ ಕೆಟ್ಟ ಸಲಗಳನ್ನು ಯಾರೂ ಲೆಕ್ಕ ಇಡಲ್ಲ.

ಅದೂ ಅಲ್ಲದೆ, ನಾವು ಮಕ್ಕಳಾಗಿದ್ದಾಗ ಚಿತ್ರಕ್ಕೆ ಬಾಯಿ ಬಿಟ್ಟಿರಲಿಲ್ಲವೇ? ಮಲ್ಲೇಶ್ವರದಲ್ಲಿ ಅಪ್ಪನ ಸ್ನೇಹಿತರೊಬ್ಬರ ಆಫೀಸಿತ್ತು. ಶನಿವಾರ ಮಧ್ಯಾಹ್ನ ಕಂಪ್ಯೂಟರ್ ಖಾಲಿ ಇರುತ್ತಿತ್ತು. ಅಲ್ಲಿ ಮೊದಲ ಸಲ ಪ್ರಿನ್ಸ್ ಆಫ್ ಪರ್ಷಿಯಾ ನೋಡಿದೆ. ಆ ರಾಜಕುಮಾರ ನಿಜವಾದ ಮನುಷ್ಯನ ಹಾಗೆ ಓಡುತ್ತಿದ್ದ. ಅಂಚಿಗೆ ಬಂದರೆ ಮುಗ್ಗರಿಸುತ್ತಿದ್ದ, ಜೋತು ಬೀಳುತ್ತಿದ್ದ, ಕಷ್ಟಪಟ್ಟು ಮೇಲೆ ಹತ್ತುತ್ತಿದ್ದ. ಜೋರ್ಡನ್ ಮೆಕ್ನರ್ ಅನ್ನುವವರು ತಮ್ಮ ಸ್ವಂತ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೋ ಮಾಡಿಕೊಂಡು, ಒಂದೊಂದು ಭಂಗಿಯನ್ನೂ ನೋಡಿ ನೋಡಿ ಬಿಡಿಸಿದ್ದರು. 1989ರಲ್ಲಿ ಅದು ಗ್ರಾಫಿಕ್ಸ್‌ನ ಪವಾಡ. ಆದರೆ ಆ ಪವಾಡ ಬರೀ ನೋಡಲು ಇರಲಿಲ್ಲ. ಮನುಷ್ಯನ ಹಾಗೆ ಓಡುತ್ತಾನೆ ಅಂದಮೇಲೆ ಮನುಷ್ಯನ ಹಾಗೇ ನಿಲ್ಲಬೇಕು. ಮಾರಿಯೋ ತರ ಗಾಳಿಯಲ್ಲಿ ದಿಕ್ಕು ಬದಲಿಸಲು ಆಗಲ್ಲ. ದೂರ ಹಾರಬೇಕಾದರೆ ಹಿಂದೆ ಹೋಗಿ ನಾಲ್ಕು ಹೆಜ್ಜೆ ಓಡಿ ಬರಬೇಕು. ಹೆಜ್ಜೆ ತಪ್ಪಿದರೆ ಕೆಳಗೆ ಮುಳ್ಳು. ಅಲ್ಲಿ ಚಿತ್ರ ಎಲ್ಲಿ ಮುಗಿಯಿತು, ಆಟ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆದು ತೋರಿಸಿ ನೋಡೋಣ.

ಅದೇ ಆಟದಲ್ಲಿ ಇನ್ನೊಂದಿದೆ. ಮೆಕ್ನರ್‌ಗೆ ಒಬ್ಬ ಎದುರಾಳಿ ಬೇಕಿತ್ತು, ಆದರೆ ಕಂಪ್ಯೂಟರಿನ ಮೆಮೊರಿ ಪೂರ್ತಿ ರಾಜಕುಮಾರನಿಗೇ ಖರ್ಚಾಗಿತ್ತು. ಹೊಸ ಚಿತ್ರಕ್ಕೆ ಜಾಗ ಇಲ್ಲ. ಆಗ ರಾಜಕುಮಾರನ ಚಿತ್ರವನ್ನೇ ಒಂದು ಚುಕ್ಕಿಯಷ್ಟು ಸರಿಸಿ, ಅದರ ಮೇಲೆ ಅದನ್ನೇ ಕಳೆದರೆ ಹೊಳೆಯುವ ಒಂದು ನೆರಳು ಉಳಿಯುತ್ತದೆ ಅಂತ ಗೊತ್ತಾಯಿತು. ಕನ್ನಡಿಯೊಳಗಿಂದ ಹೊರಗೆ ಬರುವ ನೆರಳು ಮನುಷ್ಯ ಹುಟ್ಟಿದ್ದು ಹಾಗೆ. ಕೊನೆಗೆ ಅವನ ಜೊತೆ ಕತ್ತಿ ಹಿಡಿದು ಹೋರಾಡಿದರೆ ಅವನಿಗೆ ಬಿದ್ದ ಏಟು ನಮಗೂ ಬೀಳುತ್ತದೆ. ಕತ್ತಿ ಒರೆಗೆ ಹಾಕಿ ಸುಮ್ಮನೆ ಅವನ ಕಡೆ ನಡೆದರೆ ಮಾತ್ರ ಇಬ್ಬರೂ ಒಂದಾಗುತ್ತಾರೆ. ಅದನ್ನು ಕಂಡುಹಿಡಿಯಲು ನಮಗೆ ಆರು ಶನಿವಾರ ಬೇಕಾಯಿತು. ಕೊನೆಗೆ ಗೊತ್ತಾಗಿದ್ದೂ ಅಣ್ಣನ ಕೈ ತಪ್ಪಿ ಬೇರೆ ಬಟನ್ ಒತ್ತಿದ್ದರಿಂದ.

ಇನ್ನು ಇಂದಿನ ಹುಡುಗರು ಬರೀ ಗ್ರಾಫಿಕ್ಸ್‌ಗೆ ಸಾಯುತ್ತಾರೆ ಅನ್ನುವುದೂ ಸುಳ್ಳು. ನಮ್ಮ ಪಾರ್ಕಿನ ಕಲ್ಲು ಬೆಂಚಿನ ಮೇಲೆ ಸಂಜೆ ಬಿಜಿಎಂಐ ಅನ್ನುವ ಗುಂಡು ಹಾರಿಸುವ ಆಟ ಆಡುವ ಹುಡುಗರ ಫೋನು ಇಣುಕಿ ನೋಡಿ. ಚೆನ್ನಾಗಿ ಆಡುವವನೇ ಗ್ರಾಫಿಕ್ಸನ್ನು ಕೆಳಮಟ್ಟದ 'ಸ್ಮೂತ್'ಗೆ ಇಳಿಸಿರುತ್ತಾನೆ. ಚಿತ್ರ ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ, ತಡೆದು ತಡೆದು ಓಡಬಾರದು. ಹುಲ್ಲಿನ ಚೆಂದ ನೋಡುತ್ತಾ ನಿಂತವನಿಗೆ ಗುಂಡು ಬೀಳುತ್ತದೆ. ಸೈಬರ್ ಕೆಫೆಯಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಕೌಂಟರ್ ಸ್ಟ್ರೈಕ್ ಆಡುತ್ತಿದ್ದಾಗ ನಾವೂ ಅದನ್ನೇ ಮಾಡುತ್ತಿದ್ದೆವು.

ಮೂರು ವಾರದ ಬಾಗಿಲು

ನಮ್ಮ ಮೇಲಿನ ಮನೆಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಚಿತ್ರಕಲೆ ಓದಿದವಳು. ಕೆಲಸ ಏನಮ್ಮಾ ಅಂದರೆ "ಗೇಮ್ ಆರ್ಟ್" ಅನ್ನುತ್ತಾಳೆ. ವಿದೇಶದ ದೊಡ್ಡ ಆಟಗಳಿಗೆ ಬೇಕಾದ ಸಾಮಾನುಗಳನ್ನು ಇಲ್ಲಿ ಕೂತು ಮಾಡುವುದು. ಪೀಪಾಯಿ, ದೀಪದ ಕಂಬ, ಮುರಿದ ಕುರ್ಚಿ. ಈ ಕೆಲಸ ಬೆಂಗಳೂರಿಗೆ ಹೊಸದಲ್ಲ. ಧ್ರುವ ಇಂಟರಾಕ್ಟಿವ್ 1997ರಲ್ಲೇ ಇಲ್ಲಿ ಶುರುವಾಗಿತ್ತು. ಫೋರ್ಜಾ ಸರಣಿಯ ರೇಸ್ ಆಟಗಳಿಗೆ ಕಾರು ಮಾಡಿಕೊಟ್ಟವರು ಅವರು. 2019ರಲ್ಲಿ ಜಿಟಿಎ ಆಟ ಮಾಡುವ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡುಕೊಂಡಿತು. ಅಂದರೆ ಯಾವುದೋ ದೇಶದ ಹುಡುಗ ಯಾವುದೋ ಆಟದಲ್ಲಿ 'ಆಹಾ, ಏನು ಗ್ರಾಫಿಕ್ಸ್' ಅಂದಾಗ ಅದರಲ್ಲಿ ಒಂದು ಪಾಲು ನಮ್ಮ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಆಫೀಸಿಗೆ ಹೋದವರದ್ದು.

ಮೆಟ್ಟಿಲಲ್ಲಿ ಸಿಕ್ಕಾಗ ಪುಟ್ಟಿಯ ಪ್ರಶ್ನೆ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ತರಕಾರಿ ಚೀಲ ಮೆಟ್ಟಿಲ ಮೇಲೆ ಇಟ್ಟಳು.

"ಅಂಕಲ್, ನಾನು ಹೋದ ವರ್ಷ ಮೂರು ವಾರ ಒಂದು ಬಾಗಿಲು ಮಾಡಿದೆ."

ಯಾವ ಆಟ ಅಂತ ಹೇಳುವ ಹಾಗಿಲ್ಲವಂತೆ, ಸಹಿ ಹಾಕಿಕೊಟ್ಟಿದ್ದಾಳೆ. ಬಾಗಿಲು ಹೇಗಿತ್ತು ಅಂತ ಮಾತ್ರ ಹೇಳಿದಳು. ಯುರೋಪಿನ ಹಳೆ ಪೇಟೆಯ ಬಾಗಿಲು ಬೇಕು ಅಂತ ಅಲ್ಲಿಂದ ನಾಲ್ಕು ಫೋಟೋ ಬಂದಿತ್ತು. ಫೋಟೋದಲ್ಲಿ ಆಕಾರ ಗೊತ್ತಾಗುತ್ತದೆ, ಸವೆತ ಗೊತ್ತಾಗಲ್ಲ. ಅದಕ್ಕೆ ಒಂದು ಭಾನುವಾರ ಅವೆನ್ಯೂ ರೋಡಿಗೆ ಹೋಗಿ, ಮುಚ್ಚಿದ ಹಳೆ ಅಂಗಡಿಗಳ ಬಾಗಿಲು ನೋಡುತ್ತಾ ಅಡ್ಡಾಡಿದಳಂತೆ. ಚಿಲಕದ ಸುತ್ತ ಕೈ ತಾಗಿ ತಾಗಿ ಮರ ನುಣ್ಣಗಾಗಿ ಕಪ್ಪಾಗಿರುತ್ತದೆ. ಕೆಳಗಿನ ಒಂದು ಗೇಣು ಮಳೆ ನೀರು ಎರಚಿ ಉಬ್ಬಿರುತ್ತದೆ. ಎಡಗಡೆ, ಮೊಣಕಾಲ ಎತ್ತರದಲ್ಲಿ, ಕೈಯಲ್ಲಿ ಸಾಮಾನು ಇದ್ದಾಗ ಕಾಲಿನಲ್ಲಿ ಒದ್ದು ತೆಗೆದ ಗುರುತು. ಅದನ್ನೆಲ್ಲ ಫೋಟೋ ತೆಗೆದು ತಂದು, ಎಲ್ಲಿ ಹೊಳಪು ಜಾಸ್ತಿ, ಎಲ್ಲಿ ಒರಟು ಅಂತ ಪದರ ಪದರವಾಗಿ ಬಳಿದಳು. ಆಟದ ಸಾಮಾನನ್ನೆಲ್ಲ ಪುಟ್ಟ ತ್ರಿಕೋನ ಜೋಡಿಸಿ ಕಟ್ಟುವುದಂತೆ. ಮೊದಲು ಲಕ್ಷಗಟ್ಟಲೆ ತ್ರಿಕೋನಗಳ ಬಾಗಿಲು ಕೆತ್ತಿ, ಆಮೇಲೆ ಆ ವಿವರವನ್ನೆಲ್ಲ ಕೆಲವೇ ತ್ರಿಕೋನಗಳ ಬಾಗಿಲಿನ ಮೇಲೆ ಬೆಳಕಿನ ಲೆಕ್ಕವಾಗಿ ಇಳಿಸುತ್ತಾರಂತೆ. ಇಲ್ಲದಿದ್ದರೆ ಆಟ ಕುಂಟುತ್ತದೆ.

"ತೆಗೆದರೆ ಒಳಗೆ ಏನಿದೆ?" ಅಂದೆ.

"ತೆಗೆಯಲ್ಲ ಅಂಕಲ್. ಒಳಗೆ ಅನ್ನೋದೇ ಇಲ್ಲ. ಬಾಗಿಲಿಗೆ ಹಿಂಭಾಗ ಕೂಡ ಮಾಡಿಲ್ಲ. ಯಾರಿಗೂ ಕಾಣಲ್ವಲ್ಲ."

ನಾನು ಪಾಪ ಅನ್ನುವ ಮುಖ ಮಾಡಿದೆನೋ ಏನೋ. ಅವಳಿಗೆ ಅದು ಹಿಡಿಸಲಿಲ್ಲ. ಬಾಗಿಲು ತೆಗೆಯದೇ ಇದ್ದರೂ ಅದಕ್ಕೆ ಕೆಲಸ ಇದೆ ಅಂದಳು. ಆ ಬೀದಿಯಲ್ಲಿ ನಡೆಯುವವನಿಗೆ ಇಲ್ಲಿ ಜನ ಬದುಕಿದ್ದರು ಅನ್ನಿಸಬೇಕು, ಈಗ ಯಾಕೆ ಯಾರೂ ಇಲ್ಲ ಅಂತ ಹೆದರಿಕೆ ಆಗಬೇಕು. ಅದನ್ನು ಮಾತಿನಲ್ಲಿ ಹೇಳಿದರೆ ಆಗಲ್ಲ. ಚಿಲಕದ ಹತ್ತಿರದ ಕಪ್ಪು ಹೇಳುತ್ತದೆ. "ಮತ್ತೆ ನೀವು ಆಟದಲ್ಲಿ ಮೂರು ಗಲ್ಲಿ ಇದ್ದಾಗ ಸರಿಯಾದ ಗಲ್ಲಿಗೇ ಹೋಗ್ತೀರಲ್ಲ, ಹೇಗೆ? ಆ ತುದಿಯಲ್ಲಿ ಒಂದು ದೀಪ ಇಟ್ಟಿರ್ತೀವಿ. ನಿಮಗೆ ನೀವೇ ಹುಡುಕಿದ ಹಾಗೆ ಅನ್ಸುತ್ತೆ."

ಅದು ನಿಜ. ಮನೆಗೆ ಬಂದು ಆಟ ಹಾಕಿ ನೋಡಿದೆ. ಎಲ್ಲ ಕಡೆ ದೀಪ. ಇಷ್ಟು ದಿನ ನಾನೇ ಜಾಣ ಅಂದುಕೊಂಡಿದ್ದೆ.

ಆದರೂ ಅವಳ ವಾದದಲ್ಲಿ ಒಂದು ಕಡೆ ನನಗೆ ಒಪ್ಪಿಗೆ ಆಗಲಿಲ್ಲ. ಚಿಲಕದ ಸುತ್ತ ಅಷ್ಟು ಚೆನ್ನಾಗಿ ಸವೆತ ಬಳಿದರೆ ಅದು "ಇಲ್ಲಿ ಎಷ್ಟೋ ಕೈ ತಾಗಿದೆ, ನೀನೂ ತಾಗು" ಅಂತ ಕರೆದ ಹಾಗೆ. ಪುಟ್ಟಿ ಆ ಕರೆ ಕೇಳಿ ಹೋದವಳು. ಚಿತ್ರ ಅಂದರೆ ಒಂದು ತರ ಮಾತು ಕೊಟ್ಟ ಹಾಗೆ ಅಂತ ನನಗೆ ಈಗ ಅನ್ನಿಸುತ್ತದೆ. 8 ಕಿಲೋಬೈಟಿನಲ್ಲಿ ಎಷ್ಟು ಮಾತು ಕೊಡಲು ಸಾಧ್ಯ? ನಾಲ್ಕು ಕೊಟ್ಟರು, ನಾಲ್ಕೂ ಉಳಿಸಿಕೊಂಡರು. ಈಗ ಒಂದೊಂದು ಆಟ ನೂರು ಗಿಗಾಬೈಟು ದಾಟುತ್ತದೆ. ಕಿಟಕಿ, ಬಾಗಿಲು, ಮೇಜಿನ ಮೇಲಿನ ಅರ್ಧ ತಿಂದ ಬ್ರೆಡ್ಡು, ಪ್ರತಿಯೊಂದೂ ಮುಟ್ಟು ಅನ್ನುತ್ತದೆ. ಮುಟ್ಟಲು ಹೋದರೆ ಕೈ ಗಾಜಿಗೆ ತಾಗಿದ ಹಾಗೆ ನಿಂತುಬಿಡುತ್ತದೆ.

ಹಳದಿ ಬಣ್ಣ

ಈ ಸಮಸ್ಯೆ ಆಟ ಮಾಡುವವರಿಗೆ ಗೊತ್ತಿಲ್ಲದೆ ಇಲ್ಲ. ಅವರು ಕಂಡುಕೊಂಡ ಪರಿಹಾರ ನೋಡಿದರೆ ಅಳಬೇಕೋ ನಗಬೇಕೋ ಗೊತ್ತಾಗಲ್ಲ. ಹಳದಿ ಪೇಂಟು.

2023ರಲ್ಲಿ ರೆಸಿಡೆಂಟ್ ಈವಿಲ್ 4 ಅನ್ನುವ ಹಳೆ ಆಟವನ್ನು ಹೊಸದಾಗಿ ಮಾಡಿ ತಂದರು. ಕತ್ತಲು, ಕೆಸರು, ಕೊಳೆತ ಮರ, ಎಲ್ಲ ಮೂಗಿಗೆ ವಾಸನೆ ಬರುವಷ್ಟು ನಿಜ. ಅದರ ಮಧ್ಯೆ ಒಡೆಯಬಹುದಾದ ಪೆಟ್ಟಿಗೆ, ಪೀಪಾಯಿಗಳ ಮೇಲೆ ಮಾತ್ರ ಯಾರೋ ಹಳದಿ ಪೇಂಟು ಬಳಿದು ಹೋಗಿದ್ದಾರೆ. ಮರು ವರ್ಷ ಫೈನಲ್ ಫ್ಯಾಂಟಸಿ 7 ರೀಬರ್ತ್‌ನಲ್ಲಿ ಹತ್ತಬಹುದಾದ ಬಂಡೆಗಳಿಗೂ ಹಳದಿ. ಇದಕ್ಕೆ ಆನ್‌ಲೈನಿನಲ್ಲಿ ದೊಡ್ಡ ಗಲಾಟೆಯೇ ಆಯಿತು. ನಮ್ಮನ್ನೇನು ದಡ್ಡರು ಅಂದುಕೊಂಡಿದ್ದೀರಾ ಅಂತ ಕೆಲವರು. ಪೇಂಟು ಇಲ್ಲದಿದ್ದರೆ ಜನ ದಾರಿ ಕಾಣದೆ ಅಲ್ಲೇ ಸುತ್ತುತ್ತಾರೆ ಅಂತ ಇನ್ನು ಕೆಲವರು. ನನಗೆ ಎರಡೂ ಕಡೆಯವರು ಸರಿ ಅನ್ನಿಸಿತು. ಬೆಟ್ಟವನ್ನು ಬೆಟ್ಟದ ಹಾಗೇ ಬಿಡಿಸಿದರೆ ಯಾವ ಕಲ್ಲು ಹತ್ತಲು, ಯಾವ ಕಲ್ಲು ನೋಡಲು ಅಂತ ಗೊತ್ತಾಗುವುದು ಹೇಗೆ? ಸಾವಿರಾರು ಗಂಟೆ ಕೂತು ನಿಜದ ಹಾಗೆ ಬಿಡಿಸುವುದು, ಕೊನೆಗೆ ಬ್ರಷ್ಷು ಅದ್ದಿ ಅದರ ಮೇಲೆ ಬಾಣ ಬರೆಯುವುದು. ಮದುವೆ ಮನೆಗೆ ಲಕ್ಷ ರೂಪಾಯಿಯ ಹೂವಿನ ಅಲಂಕಾರ ಮಾಡಿಸಿ, ಅದರ ಮೇಲೆ "ಊಟದ ಹಾಲ್ ಈ ಕಡೆ" ಅಂತ ರಟ್ಟು ಅಂಟಿಸುತ್ತಾರಲ್ಲ, ಹಾಗೆ.

ಇದನ್ನೇ ಚೆಂದವಾಗಿ ಮಾಡಿದವರೂ ಇದ್ದಾರೆ. 2008ರ ಮಿರರ್ಸ್ ಎಡ್ಜ್ ಅನ್ನುವ ಆಟದಲ್ಲಿ ಊರಿಗೆ ಊರೇ ಬೆಳ್ಳಗೆ. ಓಡಬೇಕಾದ ಕಡೆ ಕೆಂಪು. ಒಂದು ಕೆಂಪು ಪೈಪು, ಒಂದು ಕೆಂಪು ಹಲಗೆ. ಅದು ಮೇಲಿಂದ ಬಳಿದ ಪೇಂಟು ಅನ್ನಿಸಲ್ಲ, ಊರು ಇರುವುದೇ ಹಾಗೆ ಅನ್ನಿಸುತ್ತದೆ. ಎಷ್ಟು ಬಿಡಿಸಬೇಕು ಅನ್ನುವುದಕ್ಕಿಂತ ಏನನ್ನು ಬಿಡಬೇಕು ಅಂತ ಮೊದಲು ಯೋಚನೆ ಮಾಡಿದವರ ಕೆಲಸ ಅದು.

ಕನ್ನಡಕದ ಕರ್ಣ

ನನ್ನ ಹೆಂಡತಿ ಪುತ್ತೂರಿನ ಕಡೆಯವಳು. ಮದುವೆಯಾದ ಹೊಸದರಲ್ಲಿ ಒಮ್ಮೆ ಬೆಂಗಳೂರಿನಲ್ಲೇ ನಡೆದ ಒಂದು ತಾಳಮದ್ದಳೆಗೆ ಕರೆದುಕೊಂಡು ಹೋಗಿದ್ದಳು. ಯಕ್ಷಗಾನ ಅಂದರೆ ಕಿರೀಟ, ಕುಣಿತ, ಬಣ್ಣ ಅಂದುಕೊಂಡು ಹೋದ ನಾನು ವೇದಿಕೆ ನೋಡಿ ತಪ್ಪು ಜಾಗಕ್ಕೆ ಬಂದೆವಾ ಅಂದುಕೊಂಡೆ. ಭಾಗವತರು, ಮದ್ದಳೆ, ಚೆಂಡೆ, ಅವರ ಮುಂದೆ ಪಂಚೆ ಉಟ್ಟ ನಾಲ್ಕೈದು ಜನ ಸಾಲಾಗಿ ಕೂತಿದ್ದರು. ಕರ್ಣನ ಕೈಯಲ್ಲಿ ವಾಚು, ಕಣ್ಣಿಗೆ ದಪ್ಪ ಕನ್ನಡಕ. ವೇಷ ಇಲ್ಲ, ಕುಣಿತ ಇಲ್ಲ, ಬರೀ ಮಾತು. ಅರ್ಧ ಗಂಟೆಯಲ್ಲಿ ಕನ್ನಡಕ ಕಾಣಿಸುವುದು ನಿಂತಿತು. ಅವರು ತಾಯಿಯ ವಿಷಯ ಎತ್ತಿದಾಗ ನನ್ನ ಮುಂದಿನ ಸಾಲಿನ ಒಬ್ಬರು ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು.

ಹಾಗಂತ ವಾಪಸ್ ಬರುವಾಗ ನಾನು "ನೋಡು, ವೇಷ ಬೇಕಾಗೇ ಇಲ್ಲ" ಅಂದಿದ್ದಕ್ಕೆ ಅವಳು ಸಿಟ್ಟಾದಳು. ಅವಳ ಅಜ್ಜನ ಊರಿನಲ್ಲಿ ಬಣ್ಣದ ವೇಷದವರು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಗಂಟೆಗಟ್ಟಲೆ ಕೂತು, ಅಕ್ಕಿ ಹಿಟ್ಟಿನ ಚಿಟ್ಟಿಯನ್ನು ಮುಖದ ಮೇಲೆ ಮುಳ್ಳು ಮುಳ್ಳಾಗಿ ಇಡುವುದನ್ನು ನೋಡುತ್ತಾ ಬೆಳೆದವಳು ಅವಳು. ಆ ಮುಖ ಯಾಕೆ ಹಾಗಿರುತ್ತದೆ ಗೊತ್ತಾ ಅಂತ ಕೇಳಿದಳು. ಗದ್ದೆಯ ಆ ತುದಿಯಲ್ಲಿ ಕೂತ ಮುದುಕಿಗೂ, ಅರ್ಧ ನಿದ್ದೆಯಲ್ಲಿ ಕಣ್ಣು ಬಿಟ್ಟ ಮಗುವಿಗೂ, ಬಂದವನು ರಾಕ್ಷಸ ಅಂತ ಒಂದೇ ನೋಟಕ್ಕೆ ಗೊತ್ತಾಗಬೇಕು. ನಿಜವಾದ ರಾಕ್ಷಸನ ಹಾಗೆ ಇದೆಯಾ ಅಂತ ಯಾರೂ ಕೇಳಲ್ಲ.

ಆ ಮಾತು ಹತ್ತು ಹನ್ನೆರಡು ವರ್ಷ ತಲೆಯಲ್ಲಿ ಎಲ್ಲೋ ಇತ್ತು. ಪುಟ್ಟಿ ಬಾಗಿಲು ತಳ್ಳಿದ ಮೇಲೆ ಹೊರಗೆ ಬಂತು. ಮಾರಿಯೋನ ಮೀಸೆಯೂ ಚಿಟ್ಟಿಯೇ.

ಭಾನುವಾರ

ಹೋದ ಭಾನುವಾರ ಮೇಲಿನ ಮನೆಯವಳು ಇಡ್ಲಿ ಹಿಟ್ಟು ಕೇಳಲು ಬಂದಳು. ಪುಟ್ಟಿ ಹಾಲಿನಲ್ಲಿ ಹಳೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಈ ಅಕ್ಕ ಬಾಗಿಲು ಮಾಡುವವಳು ಅಂತ ಪರಿಚಯ ಮಾಡಿಸಿದೆ. ಪುಟ್ಟಿ ಅವಳನ್ನು ಮೇಲಿಂದ ಕೆಳಗಿನ ತನಕ ನೋಡಿದಳು. ಬೈಯುತ್ತಾಳೇನೋ ಅಂದುಕೊಂಡೆ.

"ಅಕ್ಕಾ, ನಂದೂ ಒಂದು ಮನೆ ಇದೆ. ಬನ್ನಿ."

ಮೈನ್‌ಕ್ರಾಫ್ಟ್‌ನಲ್ಲಿ ಬಸವನಗುಡಿಯ ಅಜ್ಜಿ ಮನೆ ಕಟ್ಟಿದ್ದಳು. ಹಾಗಂತ ಅವಳೇ ಹೇಳಿದ್ದರಿಂದ ಗೊತ್ತಾಯಿತು. ಮುಂದೆ ಎರಡು ಕಂಬ, ಪಕ್ಕದಲ್ಲಿ ಬಾವಿ ಅನ್ನಬಹುದಾದ ಒಂದು ಚೌಕ ಗುಂಡಿ, ಜಗಲಿ ಇರಬೇಕಾದ ಕಡೆ ಮರದ ಮೆಟ್ಟಿಲು ಅಡ್ಡಡ್ಡ ಇಟ್ಟಿದ್ದಳು. ನಡುವೆ ಜೋಡಿ ಬಾಗಿಲು. ಆ ಆಟದ ಸಾಮಾನ್ಯ ಮರದ ಬಾಗಿಲಿನ ಹಾಗೇ, ದಪ್ಪ ದಪ್ಪ ಚುಕ್ಕಿಗಳ ಕಂದು ಹಲಗೆ.

ಮೇಲಿನ ಮನೆಯವಳು ಕೆಲಸದ ಕಣ್ಣಿನಿಂದ ಅದನ್ನು ಹತ್ತಿರದಿಂದ ನೋಡಿದಳು. ಸವೆತ ಇಲ್ಲ, ನೆರಳು ಇಲ್ಲ, ಮರದ ಎಳೆ ಒಂದು ಬಾಗಿಲಿನದ್ದೇ ಇನ್ನೊಂದಕ್ಕೆ. ಏನೋ ಹೇಳಲು ಬಾಯಿ ತೆಗೆದಳು.

"ತಳ್ಳಿ ಅಕ್ಕಾ," ಅಂದಳು ಪುಟ್ಟಿ.

ಅವಳು ಮೌಸ್ ಒತ್ತಿದಳು. ಟಕ್ ಅಂತ ಒಂದು ರೆಕ್ಕೆ ತೆಗೆಯಿತು. ಇನ್ನೊಂದನ್ನೂ ಒತ್ತಿದಳು. ಒಳಗೆ ಒಂದು ಮಂಚ, ಒಂದು ಒಲೆ, ಗೋಡೆಗೆ ಸಿಕ್ಕಿಸಿದ ಪಂಜು, ಯಾಕೋ ಒಂದು ಕೋಳಿ. ಅವಳು ಒಳಗೆ ಹೋಗಲಿಲ್ಲ. ಬಾಗಿಲು ಮುಚ್ಚಿದಳು. ಮತ್ತೆ ತೆಗೆದಳು. ಮುಚ್ಚಿದಳು. ಇಡ್ಲಿ ಹಿಟ್ಟಿನ ಡಬ್ಬ ಹಿಡಿದುಕೊಂಡು ನನ್ನ ಹೆಂಡತಿ ಅಡುಗೆ ಮನೆಯಿಂದ ಬಂದು ನಿಂತಿದ್ದಳು. ಟಕ್, ಟಕ್ ಅಂತ ಸದ್ದು ಬರುತ್ತಲೇ ಇತ್ತು.

"ಕೋಳಿ ಹೊರಗೆ ಹೋಗುತ್ತೆ, ಬೇಗ ಹಾಕಿ ಅಕ್ಕಾ," ಅಂದಳು ಪುಟ್ಟಿ.